ಕೆಮ್ಮಿದರೆ ಸೋರುವ ಮೂತ್ರ: ಮುಚ್ಚಿಡಬೇಡಿ, ಚಿಕಿತ್ಸೆ ಉಂಟು

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯೆಯರ ಸಭೆಯಲ್ಲಿ ಫಿಜಿಯೊಥೆರಪಿ ತಜ್ಞೆಯೊಬ್ಬರು ಮಾಡಿದ ಭಾಷಣದ ಪಠ್ಯ)



ಈ ಸಭೆಗಳಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ರೋಗದ ಲಸಿಕೆ, ಹಸಿರು ಮೇವು, ಹಾಲಿನ ಜಿಡ್ಡಿನ ಅಂಶ ಇವುಗಳ ಬಗ್ಗೆ ಮಾತು ನಡೆಯುತ್ತದೆ. ಇಂದು ಹಸುವಿನ ಬಗ್ಗೆ ಅಲ್ಲ, ಹಸು ಸಾಕುವವರ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದೀರಿ.

ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ನಿಮ್ಮ ಹಸು ಕರು ಹಾಕಿದ ಮೇಲೆ ಗರ್ಭಕೋಶ ಹೊರಗೆ ಬಂತು ಎನ್ನಿ. ಏನು ಮಾಡುತ್ತೀರಿ? ರಾತ್ರಿ ಎರಡು ಗಂಟೆಯಾದರೂ ಪಶುವೈದ್ಯರಿಗೆ ಫೋನ್ ಮಾಡುತ್ತೀರಿ. ಒದ್ದೆ ಬಟ್ಟೆ ಹೊದಿಸಿ, ನೊಣ ಕೂರದಂತೆ ಕಾಯುತ್ತೀರಿ. ಇದೇ ತೊಂದರೆ ನಿಧಾನವಾಗಿ ನಿಮಗೇ ಬಂದರೆ? ಸೀರೆಯ ಮಡಿಕೆಯಲ್ಲಿ ಬಟ್ಟೆ ಇಟ್ಟುಕೊಂಡು ಹತ್ತು ವರ್ಷ, ಹದಿನೈದು ವರ್ಷ ಸುಮ್ಮನಿರುತ್ತೀರಿ. ಗಂಡನಿಗೂ ಹೇಳುವುದಿಲ್ಲ, ಮಗಳಿಗೂ ಹೇಳುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಮ್ಮ ತಾಯಿ ಎರಡು ಸೀಮೆ ಹಸು ಸಾಕಿ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ನನ್ನನ್ನು ಓದಿಸಿದವರು. ಮೂರು ಹೆರಿಗೆ ಕಂಡವರು. ಅವರು ಮದುವೆ ಮನೆಯಲ್ಲಿ ಯಾವಾಗಲೂ ಬಾಗಿಲ ಹತ್ತಿರ ಕೂರುತ್ತಿದ್ದರು. ತಿಳಿ ಬಣ್ಣದ ಸೀರೆ ಉಡುತ್ತಿರಲಿಲ್ಲ. ಬಸ್ಸು ಹತ್ತಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ನಾನು ಪದವಿ ಪಡೆಯುವ ದಿನ ಅವರು ಬರಲಿಲ್ಲ. "ಹಾಲು ಕರೆಯೋಕೆ ಯಾರೂ ಇಲ್ಲ ಕಣೆ" ಎಂದರು. ನಾನು ಒಂದು ವರ್ಷ ಮುನಿಸಿಕೊಂಡಿದ್ದೆ. ನಿಜವಾದ ಕಾರಣ ನಾಲ್ಕು ಗಂಟೆಯ ಬಸ್ ಪ್ರಯಾಣ ಎಂದು ತಿಳಿದದ್ದು ಆ ನಂತರ. ಈ ಕಾಯಿಲೆಯ ಪಾಠ ಓದಿ ಪರೀಕ್ಷೆ ಬರೆದಿದ್ದ ನನಗೆ, ಅದು ನಮ್ಮ ಮನೆಯಲ್ಲೇ ಇದೆ ಎಂದು ಗೊತ್ತಾಗಲಿಲ್ಲ. ಕೇಳಿದಾಗ ಅಮ್ಮ ಹೇಳಿದ್ದು ಇಷ್ಟೇ: "ಹೆತ್ತೋರಿಗೆ ಇದೆಲ್ಲ ಇದ್ದದ್ದೇ. ಇದಕ್ಕೂ ಒಬ್ಬ ಡಾಕ್ಟರಾ?"

ಹೌದು ಅಕ್ಕಂದಿರೇ, ಇದಕ್ಕೂ ಚಿಕಿತ್ಸೆ ಇದೆ. ಅನೇಕರಿಗೆ ಮಾತ್ರೆಯಾಗಲಿ, ಆಪರೇಷನ್ ಆಗಲಿ ಬೇಕಾಗುವುದಿಲ್ಲ. ಆ ಚಿಕಿತ್ಸೆಗೆ ಹೋದರೆ ಏನೇನು ನಡೆಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಅಂಜಿಕೆ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಈ ಮಾತು.

ತೊಂದರೆ ಎಲ್ಲಿಂದ ಬರುತ್ತದೆ?

ನಮ್ಮ ಸೊಂಟದ ಎಲುಬಿನ ಬಟ್ಟಲಿಗೆ ಕೆಳಗಡೆ ಎಲುಬಿನ ತಳವಿಲ್ಲ. ಮುಂದೆ ಕಿಬ್ಬೊಟ್ಟೆಯ ಕೆಳಗಿನ ಎಲುಬಿನಿಂದ ಹಿಂದೆ ಬಾಲದ ಎಲುಬಿನವರೆಗೆ ತೊಟ್ಟಿಲ ಬಟ್ಟೆಯಂತೆ ಕಟ್ಟಿರುವ ಸ್ನಾಯುಗಳೇ ಅದಕ್ಕೆ ತಳ. ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನಾವು ತಳದ ಸ್ನಾಯು ಎಂದು ಕರೆಯೋಣ. ಮೂತ್ರಚೀಲ, ಗರ್ಭಚೀಲ, ಮಲದ ಕರುಳು ಈ ಮೂರನ್ನೂ ಕೆಳಗಿನಿಂದ ಹಿಡಿದಿರುವುದು ಈ ಸ್ನಾಯು. ಮೂತ್ರದ ದಾರಿ, ಹೆರಿಗೆಯ ದಾರಿ, ಮಲದ ದಾರಿ ಮೂರೂ ಇದರ ಮೂಲಕವೇ ಹೋಗುತ್ತವೆ. ಬೇಕಾದಾಗ ಬಿಗಿಯಾಗಿ, ಬೇಕಾದಾಗ ಸಡಿಲವಾಗಿ ಈ ದಾರಿಗಳನ್ನು ಕಾಯುವುದು ಇದರ ಕೆಲಸ.

ಹೆರಿಗೆಯಲ್ಲಿ ಈ ಸ್ನಾಯು ಬಹಳ ಹಿಗ್ಗುತ್ತದೆ, ಕೆಲವರಿಗೆ ಹರಿಯುವುದೂ ಉಂಟು. ಮುಟ್ಟು ನಿಂತ ಮೇಲೆ ಅಲ್ಲಿನ ಭಾಗಗಳು ತೆಳುವಾಗಿ ಬಲ ಕುಂದುತ್ತದೆ. ಮಲಬದ್ಧತೆಯಿಂದ ದಿನವೂ ಮುಕ್ಕುವುದು, ಒಲೆಯ ಹೊಗೆಯಿಂದ ಅಥವಾ ಬೀಡಿಯಿಂದ ಬಿಡದೆ ಬರುವ ಕೆಮ್ಮು, ಅತಿಯಾದ ಮೈ ತೂಕ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಇವೆಲ್ಲ ಮೇಲಿನಿಂದ ಒತ್ತಡ ಹಾಕುತ್ತವೆ. ಆಗ ಕಾಣುವ ತೊಂದರೆಗಳು ಹೀಗಿವೆ.

ಮೊದಲನೆಯದು, ಕೆಮ್ಮಿದರೆ, ಸೀನಿದರೆ, ನಕ್ಕರೆ, ಹುಲ್ಲಿನ ಹೊರೆ ಎತ್ತಿದರೆ ಮೂತ್ರ ಜಿನುಗುವುದು. ಎರಡನೆಯದು, ಮೂತ್ರ ಬಂತೆಂದರೆ ತಡೆಯಲಾಗದೆ ಬಚ್ಚಲು ತಲುಪುವ ಮೊದಲೇ ಆಗಿಬಿಡುವುದು. ಮೂರನೆಯದು, ಗರ್ಭಚೀಲವೋ ಮೂತ್ರಚೀಲವೋ ಕೆಳಗೆ ಜಾರಿ, ಸಂಜೆಯ ಹೊತ್ತಿಗೆ ಏನೋ ಕೆಳಗೆ ಇಳಿದಂತೆ ಭಾರವಾಗುವುದು, ಕೈಗೆ ಉಂಡೆ ಸಿಕ್ಕುವುದು. ನಾಲ್ಕನೆಯದು ಇದಕ್ಕೆ ವಿರುದ್ಧವಾದದ್ದು. ಸ್ನಾಯು ಸಡಿಲವಾಗುವ ಬದಲು ಸದಾ ಬಿಗಿದುಕೊಂಡೇ ಇದ್ದು, ಕೆಳಹೊಟ್ಟೆ ನೋವು, ಮಲವಿಸರ್ಜನೆಗೆ ಕಷ್ಟ, ದಾಂಪತ್ಯದಲ್ಲಿ ನೋವು ಕಾಣಿಸುವುದು. ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ತಿಳಿಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಹೋಗುವ ಮೊದಲು

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಮೊದಲು ವಿಷಯ ತಿಳಿಸಿ. ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು ಅಥವಾ ಸಕ್ಕರೆ ಕಾಯಿಲೆ ಇದ್ದರೂ ಪದೇ ಪದೇ ಮೂತ್ರ ಬರುತ್ತದೆ. ಅದಕ್ಕೆ ಬೇರೆ ಚಿಕಿತ್ಸೆ ಬೇಕು. ನಂತರ ಸ್ತ್ರೀರೋಗ ತಜ್ಞರ ಚೀಟಿಯೊಂದಿಗೆ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಫಿಜಿಯೊಥೆರಪಿ ವಿಭಾಗಕ್ಕೆ ಹೋಗಬಹುದು. ಎಲ್ಲ ಫಿಜಿಯೊಥೆರಪಿಸ್ಟರಿಗೂ ಈ ವಿಷಯದಲ್ಲಿ ವಿಶೇಷ ತರಬೇತಿ ಇರುವುದಿಲ್ಲ. ಆದ್ದರಿಂದ "ಮಹಿಳೆಯರ ಮೂತ್ರ ಸೋರಿಕೆಗೆ ವ್ಯಾಯಾಮ ಕಲಿಸುವವರು ಇದ್ದಾರೆಯೇ?" ಎಂದು ಕೇಳಿಕೊಂಡು ಹೋಗುವುದು ಲೇಸು.

ಹೋಗುವ ಮೊದಲು ಮೂರು ದಿನದ ಲೆಕ್ಕ ಬರೆದಿಡಿ. ಹಾಲಿನ ಪಾಸ್ ಪುಸ್ತಕ ಇಟ್ಟುಕೊಳ್ಳುವ ನಿಮಗೆ ಇದು ಕಷ್ಟವಲ್ಲ. ಎಷ್ಟು ಹೊತ್ತಿಗೆ ಎಷ್ಟು ಲೋಟ ನೀರು, ಟೀ ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಕೆಲಸ ಮಾಡುತ್ತಿದ್ದಿರಿ, ಇಷ್ಟು ಸಾಕು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಗೀಟು ಹಾಕಿಸಿ.

ಮೊದಲ ಭೇಟಿಯಲ್ಲಿ ಏನಾಗುತ್ತದೆ?

ಮೊದಲ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಅದರಲ್ಲಿ ಹೆಚ್ಚು ಹೊತ್ತು ಮಾತೇ. ಎಷ್ಟು ಹೆರಿಗೆ, ಹೊಲಿಗೆ ಹಾಕಿದ್ದರೇ, ಮುಟ್ಟು ನಿಂತಿದೆಯೇ, ಮಲಬದ್ಧತೆ ಇದೆಯೇ, ದಿನಕ್ಕೆ ಎಷ್ಟು ಭಾರ ಎತ್ತುತ್ತೀರಿ, ದಾಂಪತ್ಯದಲ್ಲಿ ನೋವಿದೆಯೇ ಎಂದು ಕೇಳುತ್ತಾರೆ. ನಾಚಿಕೆ ಎನಿಸಬಹುದು. ಆದರೆ ಕೇಳುವವರು ದಿನವೂ ಇದನ್ನೇ ಕೇಳುವವರು. ಹಸು ಎಷ್ಟನೇ ಸೂಲು, ಯಾವಾಗ ಬೆದೆಗೆ ಬಂತು ಎಂದು ಪಶುವೈದ್ಯರು ಕೇಳಿದರೆ ನೀವು ನಾಚುತ್ತೀರಾ? ಇದೂ ಹಾಗೆಯೇ. ಸರಿಯಾದ ಉತ್ತರ ಸಿಕ್ಕಿದರೆ ಮಾತ್ರ ಸರಿಯಾದ ಚಿಕಿತ್ಸೆ.

ಅನಂತರ ನಿಮ್ಮ ನಿಲುವು, ಬೆನ್ನು, ಹೊಟ್ಟೆ, ಉಸಿರಾಟ ನೋಡುತ್ತಾರೆ. ಆಮೇಲೆ ತಳದ ಸ್ನಾಯುವಿನ ಪರೀಕ್ಷೆ. ಇಲ್ಲಿಯೇ ಎಲ್ಲರಿಗೂ ಭಯ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಬಾಗಿಲು ಹಾಕಿದ ಅಥವಾ ಪರದೆ ಎಳೆದ ಜಾಗದಲ್ಲಿ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಮಂಡಿ ಮಡಿಸಲು ಹೇಳುತ್ತಾರೆ. ಮೊದಲು ಹೊರಗಿನಿಂದ ನೋಡಿ, ಕೆಮ್ಮಲು ಹೇಳುತ್ತಾರೆ. ನಂತರ ಕೈಗವಸು ಹಾಕಿದ ಒಂದು ಬೆರಳನ್ನು ಯೋನಿಯೊಳಗೆ ಇಟ್ಟು "ಬಿಗಿ ಮಾಡಿ, ಸಡಿಲ ಬಿಡಿ" ಎನ್ನುತ್ತಾರೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಇದು ಕೆಲವೇ ನಿಮಿಷದ ಕೆಲಸ. ಸ್ವಲ್ಪ ಮುಜುಗರ ಇರಬಹುದು, ಆದರೆ ನೋವಾಗಬಾರದು. ನೋವಾದರೆ ಕೂಡಲೇ ಹೇಳಿ, ಅದೇ ಒಂದು ಮುಖ್ಯ ಸುಳಿವು.

ಇಲ್ಲಿ ನಿಮ್ಮ ಹಕ್ಕನ್ನು ತಿಳಿದುಕೊಳ್ಳಿ. ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಈ ಪರೀಕ್ಷೆ ಮಾಡುವಂತಿಲ್ಲ. ಮಹಿಳೆಯೇ ಪರೀಕ್ಷಿಸಬೇಕು ಎಂದು ಕೇಳಬಹುದು. ಅಕ್ಕನನ್ನೋ ಸೊಸೆಯನ್ನೋ ಪಕ್ಕದಲ್ಲಿ ಇರಿಸಿಕೊಳ್ಳಬಹುದು. ಇವತ್ತು ಬೇಡ ಎಂದರೆ ಬೇಡ. ನಡುವೆ ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಒಳಗಿನ ಪರೀಕ್ಷೆ ಬೇಡವೆಂದವರಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ ಹೊರಗಿನಿಂದ ನೋಡಿ, ಇಲ್ಲವೇ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಇಟ್ಟು ವ್ಯಾಯಾಮ ಕಲಿಸಲು ಬರುತ್ತದೆ.

ಮನೆಯಲ್ಲಿ ಮಾಡುವ ಅಭ್ಯಾಸ

ಈ ವ್ಯಾಯಾಮಕ್ಕೆ ಕೆಗೆಲ್ ವ್ಯಾಯಾಮ ಎಂಬ ಹೆಸರಿದೆ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ ಎಂಬುವರು 1948ರಲ್ಲಿ ಇದರ ಬಗ್ಗೆ ಬರೆದು ಪ್ರಚಾರಕ್ಕೆ ತಂದರು. ಮಾಡುವ ಕ್ರಮ ಹೀಗೆ.

ಮೊದಲು ಮೂತ್ರ ಮಾಡಿ ಬಂದು, ಮಂಡಿ ಮಡಿಸಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಇರುವಾಗ ಹೂಸು ಬರುವಂತಾದರೆ ಹೇಗೆ ಬಿಗಿಹಿಡಿಯುತ್ತೀರೋ ಹಾಗೆ ಗುದದ್ವಾರವನ್ನು ಬಿಗಿ ಮಾಡಿ, ಮೂತ್ರದ ದಾರಿಯನ್ನೂ ಮೇಲಕ್ಕೆ ಎಳೆದುಕೊಳ್ಳಿ. ತಳದ ಸ್ನಾಯು ಒಳಕ್ಕೂ ಮೇಲಕ್ಕೂ ಹೋದಂತೆ ಅನಿಸಬೇಕು, ಕೆಳಕ್ಕೆ ಮುಕ್ಕಬಾರದು. ತೊಡೆ, ಪಿರ್ರೆ ಬಿಗಿಯಾಗಬಾರದು. ಉಸಿರು ಕಟ್ಟಬಾರದು, ಒಂದು ಎರಡು ಎಂದು ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.

ಮೊದಲು 3ರಿಂದ 5 ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹೀಗೆ 8 ಸಲ. ಇಂತಹ ಅಭ್ಯಾಸ ದಿನಕ್ಕೆ 3 ಹೊತ್ತು. ಬಲ ಬಂದಂತೆ 10 ಎಣಿಸುವವರೆಗೆ ಹಿಡಿಯಿರಿ. ಪ್ರತಿ ಸಲದ ಕೊನೆಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬೇಗ ಬೇಗನೆ ಕೆಲವು ಸಲ ಮಾಡಿ. ಕೆಮ್ಮು ಬಂದಾಗ ತಟ್ಟನೆ ಬಿಗಿಯಾಗಲು ಇದು ಬೇಕು. ಮಲಗಿ ಮಾಡಲು ಬಂದ ಮೇಲೆ ಕೂತು, ಆಮೇಲೆ ನಿಂತು ಮಾಡಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ಸಲ, ಡೈರಿಯ ಸಾಲಿನಲ್ಲಿ ನಿಂತಾಗ ಒಂದು ಸಲ, ರಾತ್ರಿ ಮಲಗುವಾಗ ಒಂದು ಸಲ. ಸಾಲಿನಲ್ಲಿ ಮಾಡಿದರೆ ಪಕ್ಕದವರಿಗೂ ತಿಳಿಯುವುದಿಲ್ಲ.

ಒಂದು ತಪ್ಪು ಅನೇಕರು ಮಾಡುತ್ತಾರೆ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು. ಹಾಗೆ ಮಾಡಿದರೆ ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಆದ್ದರಿಂದ ಅದು ಬೇಡ.

ಸ್ನಾಯು ಬಿಗಿದುಕೊಂಡು ನೋವಿರುವವರಿಗೆ ಈ ಹಿಡಿಯುವ ವ್ಯಾಯಾಮ ಮೊದಲಿಗೆ ಸಲ್ಲದು, ನೋವು ಹೆಚ್ಚಬಹುದು. ಅವರಿಗೆ ದೀರ್ಘ ಉಸಿರಾಟ, ಸಡಿಲ ಬಿಡುವ ಅಭ್ಯಾಸ, ಕೈಯಿಂದ ಮೆಲ್ಲಗೆ ಸ್ನಾಯು ಸಡಿಲಿಸುವ ಚಿಕಿತ್ಸೆ ಇರುತ್ತದೆ. ಆದ್ದರಿಂದಲೇ ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಮಾಡದೆ ಒಮ್ಮೆಯಾದರೂ ತೋರಿಸಿಕೊಳ್ಳಿ ಎನ್ನುವುದು.

ಎಷ್ಟು ಪ್ರಯತ್ನಿಸಿದರೂ ಸ್ನಾಯು ಎಲ್ಲಿದೆ ಎಂದೇ ತಿಳಿಯದವರಿಗೆ ಯಂತ್ರದ ಸಹಾಯ ಉಂಟು. ಬಿಗಿ ಮಾಡಿದರೆ ಪರದೆಯ ಮೇಲೆ ಗೆರೆ ಏರುವ ಬಯೋಫೀಡ್‌ಬ್ಯಾಕ್ ಎಂಬ ಸಾಧನ ಒಂದು. ಮೆಲ್ಲನೆಯ ವಿದ್ಯುತ್ತಿನಿಂದ ಸ್ನಾಯುವನ್ನು ಎಚ್ಚರಿಸುವುದು ಇನ್ನೊಂದು. ಇದು ಜುಮ್ಮೆನಿಸುತ್ತದೆ, ಶಾಕ್ ಹೊಡೆಯುವುದಿಲ್ಲ. ಗರ್ಭಿಣಿಯರಿಗೆ ಮತ್ತು ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಇದನ್ನು ಕೊಡುವುದಿಲ್ಲ. ಯಂತ್ರ ಎಲ್ಲರಿಗೂ ಬೇಕಿಲ್ಲ. ಚಿಕಿತ್ಸೆಯ ಮುಕ್ಕಾಲು ಪಾಲು ನಿಮ್ಮ ಮನೆಯಲ್ಲಿ ನೀವೇ ಮಾಡುವುದು.

ತಡೆಯಲಾಗದೆ ಓಡುವ ತೊಂದರೆ ಇರುವವರಿಗೆ ಮೂತ್ರಚೀಲದ ತರಬೇತಿ ಇದೆ. ಗಂಟೆಗೊಮ್ಮೆ ಹೋಗುವವರು ಮೊದಲು ಒಂದೂಕಾಲು ಗಂಟೆ, ಆಮೇಲೆ ಒಂದೂವರೆ ಗಂಟೆ ಎಂದು ನಿಧಾನವಾಗಿ ಅಂತರ ಹೆಚ್ಚಿಸಬೇಕು. ಅವಸರ ಬಂದಾಗ ಓಡಬೇಡಿ. ನಿಂತಲ್ಲೇ ನಿಂತು ತಳದ ಸ್ನಾಯು ಬಿಗಿ ಮಾಡಿ, ಅವಸರ ಇಳಿದ ಮೇಲೆ ನಡೆದು ಹೋಗಿ. ಟೀ ಕಾಫಿ ಕಡಿಮೆ ಮಾಡಿ. ಆದರೆ ನೀರು ಬಿಡಬೇಡಿ. ನೀರು ಬಿಟ್ಟರೆ ಮೂತ್ರ ಗಾಢವಾಗಿ ಉರಿಯುತ್ತದೆ, ಮಲ ಗಟ್ಟಿಯಾಗುತ್ತದೆ, ತೊಂದರೆ ಇಮ್ಮಡಿಯಾಗುತ್ತದೆ. ಬಾಣಂತಿಗೆ ನೀರು ಕೊಡಬಾರದು ಎಂಬ ರೂಢಿಯನ್ನೂ ಹಿರಿಯರು ಕೈಬಿಡಬೇಕು.

ಎಷ್ಟು ದಿನಕ್ಕೆ ಗುಣ?

ಇಂದು ಬಿತ್ತಿ ನಾಳೆ ಕೊಯ್ಯುವ ಬೆಳೆ ಇದಲ್ಲ. ಕಡಿಮೆಯೆಂದರೆ 3 ತಿಂಗಳು ಬಿಡದೆ ಮಾಡಬೇಕು. ಮೊದಲ ಕೆಲವು ವಾರ ಏನೂ ಬದಲಾಗದಂತೆ ಕಾಣುತ್ತದೆ. ಬಹಳ ಮಂದಿ ಅಲ್ಲಿಯೇ ಬಿಡುತ್ತಾರೆ. ಆಗಲೇ ಮತ್ತೆ ಹೋಗಿ ತೋರಿಸಿ, ಮಾಡುವ ಕ್ರಮ ಸರಿಯೇ ಎಂದು ಕೇಳಿ. ಗುಣವಾದ ಮೇಲೂ ಅಭ್ಯಾಸ ಮುಂದುವರಿಸಬೇಕು.

ಫಲ ಎಷ್ಟು ಎಂದು ನೀವು ಕೇಳಬಹುದು. 14 ದೇಶಗಳಲ್ಲಿ ನಡೆದ 31 ಪ್ರಯೋಗಗಳನ್ನು, 1817 ಮಹಿಳೆಯರ ವಿವರವನ್ನು ಒಟ್ಟುಗೂಡಿಸಿ 2018ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದು ಪರಿಶೀಲನೆ ಪ್ರಕಟಿಸಿತು. ಕೆಮ್ಮಿದಾಗ ಸೋರುವ ತೊಂದರೆಯಲ್ಲಿ ವ್ಯಾಯಾಮ ಮಾಡಿದವರ ಪೈಕಿ 100ಕ್ಕೆ 56 ಮಂದಿ ವಾಸಿಯಾಯಿತು ಎಂದರು. ಚಿಕಿತ್ಸೆ ಪಡೆಯದವರಲ್ಲಿ ಹಾಗೆ ಹೇಳಿದವರು 100ಕ್ಕೆ 6 ಮಂದಿ. ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಮೊದಲು ಮಾಡಿ ನೋಡಬೇಕಾದ ಚಿಕಿತ್ಸೆ ಇದು.

ಗರ್ಭಚೀಲ ಸ್ವಲ್ಪ ಜಾರಿದ್ದರೆ ವ್ಯಾಯಾಮದಿಂದ ಭಾರ, ಎಳೆತ ಕಡಿಮೆಯಾಗುತ್ತದೆ. ಪೂರ್ತಿ ಹೊರಗೆ ಬಂದಿದ್ದರೆ ವ್ಯಾಯಾಮವೊಂದೇ ಸಾಲದು. ಅದಕ್ಕೆ ಒಳಗೆ ಇಡುವ ರಬ್ಬರಿನ ಅಥವಾ ಸಿಲಿಕೋನಿನ ಬಳೆಯಂತಹ ಸಾಧನವಿದೆ, ಆಪರೇಷನ್ ಇದೆ. ಆದರೆ ಒಂದು ಎಚ್ಚರಿಕೆ. ಮೂತ್ರ ಸೋರುತ್ತದೆ ಎಂದು ಗರ್ಭಕೋಶ ತೆಗೆಸಿದರೆ ಸೋರುವುದು ನಿಲ್ಲುವುದಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ರಾಜ್ಯಗಳು ಅದನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರಾದರೂ "ತೆಗೆಸಿಬಿಡಿ" ಎಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳದೆ ಒಪ್ಪಬೇಡಿ. ಆಪರೇಷನ್ ಬೇಕೇಬೇಕು ಎಂದಾದರೆ, ಯಶಸ್ವಿನಿಯಂತಹ ಯೋಜನೆಯ ಕಾರ್ಡಿನಲ್ಲಿ ಅದು ಸೇರಿದೆಯೇ ಎಂದು ಸಂಘದ ಕಾರ್ಯದರ್ಶಿಗಳಲ್ಲಿ ಮೊದಲೇ ವಿಚಾರಿಸಿ.

ಕೊಟ್ಟಿಗೆಯ ಕೆಲಸ ಬಿಡಬೇಕೇ?

ಕಳೆದ ಸಭೆಯ ನಂತರ ಒಬ್ಬರು ನನ್ನ ಕೈಗೆ ಚೀಟಿ ಕೊಟ್ಟರು. "ಭಾರ ಎತ್ತಬಾರದು ಎಂದರೆ ಹಸು ಮಾರಬೇಕಾ?" ಎಂದು ಅದರಲ್ಲಿತ್ತು. ಬೇಡ ತಾಯಿ, ಹಸು ಮಾರಬೇಡಿ. ಕೆಲಸದ ಕ್ರಮ ಬದಲಿಸಿ.

ಪಶು ಆಹಾರದ ಮೂಟೆ 50 ಕಿಲೋ. ಅದನ್ನು ಒಬ್ಬರೇ ಎತ್ತಬೇಡಿ. ಇಳಿಸುವ ಜಾಗದಲ್ಲೇ ಬಿಚ್ಚಿ ಬಕೆಟ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಗಿಸಿ. 40 ಲೀಟರಿನ ಕ್ಯಾನು ತುಂಬಿದ್ದರೆ ಇಬ್ಬರು ಹಿಡಿಯಿರಿ. ಒಂದು ದೊಡ್ಡ ಹೊರೆಯ ಬದಲು ಎರಡು ಸಣ್ಣ ಹೊರೆ ತನ್ನಿ. ಎತ್ತುವಾಗ ಭಾರವನ್ನು ಮೈಗೆ ಹತ್ತಿರ ಹಿಡಿದು, ಮಂಡಿ ಬಾಗಿಸಿ, ಮೊದಲು ತಳದ ಸ್ನಾಯು ಬಿಗಿ ಮಾಡಿ, ಉಸಿರು ಹೊರಗೆ ಬಿಡುತ್ತಾ ಏಳಿ. ಕೆಮ್ಮು, ಸೀನು ಬರುವ ಸೂಚನೆ ಕಂಡ ಕೂಡಲೇ ಹಾಗೆಯೇ ಬಿಗಿ ಮಾಡಿ. ಈ ಒಂದು ಉಪಾಯದಿಂದಲೇ ಅನೇಕರಿಗೆ ಸೋರುವುದು ಕಡಿಮೆಯಾಗಿದೆ. ಮಲಬದ್ಧತೆಗೆ ಸೊಪ್ಪು, ಕಾಳು, ರಾಗಿ, ಬೇಕಾದಷ್ಟು ನೀರು. ಹೆತ್ತು ತಿಂಗಳೊಳಗೆ ಹೊರೆ ಹೊರಿಸುವುದನ್ನು ಮನೆಯವರು ನಿಲ್ಲಿಸಬೇಕು. ಇದು ಗಂಡಸರು ಕೇಳಬೇಕಾದ ಮಾತು. ಗಂಡಸರಿಗೂ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ನಂತರ ಮೂತ್ರ ಸೋರುವುದುಂಟು, ಅವರಿಗೂ ಇದೇ ವ್ಯಾಯಾಮ ಕಲಿಸುತ್ತಾರೆ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳನ್ನೂ ನೆನಪಿಡಿ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಚಳಿ ಜ್ವರದೊಂದಿಗೆ ಉರಿಮೂತ್ರ, ಮೂತ್ರ ಪೂರ್ತಿ ಕಟ್ಟುವುದು, ತೊಡೆಯ ಸಂದು ಅಥವಾ ಕಾಲು ಮರಗಟ್ಟುವುದು, ಹೊರಬಂದ ಭಾಗ ಒಳಗೆ ಹೋಗದಿರುವುದು ಇವುಗಳಿಗೆ ವ್ಯಾಯಾಮ ಮಾಡುತ್ತಾ ಕೂರಬಾರದು.

ಕೊನೆಯದಾಗಿ ನಮ್ಮ ತಾಯಿಯ ವಿಷಯ. ಮೊದಲ ತಿಂಗಳು ನನ್ನ ಬಲವಂತಕ್ಕೆ ಮಾಡಿದರು. ಎರಡನೇ ತಿಂಗಳು ಎರಡು ಸಲ ಬಿಟ್ಟರು. ನಾಲ್ಕನೇ ತಿಂಗಳ ಹೊತ್ತಿಗೆ ಸೀನಿದರೆ ಸೋರುವುದು ಬಹುತೇಕ ನಿಂತಿತು. ಸ್ವಲ್ಪ ಜಾರಿದ ಗರ್ಭಚೀಲ ಹಾಗೆಯೇ ಇದೆ, ಆದರೆ ಸಂಜೆಯ ಭಾರ ಇಳಿದಿದೆ. ಹಸು ಇನ್ನೂ ಎರಡಿವೆ. ಅವರ ಒಪ್ಪಿಗೆ ಪಡೆದೇ ಇದನ್ನೆಲ್ಲ ಹೇಳಿದೆ. ಇಂದಿನ ಸಭೆಗೆ ಅವರೂ ಬಸ್ಸಿನಲ್ಲಿ ಬಂದಿದ್ದಾರೆ. ಎಲ್ಲಿ ಕೂತಿದ್ದಾರೆ ಎಂದು ಮಾತ್ರ ಹೇಳುವುದಿಲ್ಲ.

ನೀವು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಅತ್ತೆಯನ್ನೋ, ಅಮ್ಮನನ್ನೋ, ಈಚೆಗೆ ಹೆತ್ತ ಸೊಸೆಯನ್ನೋ ಒಬ್ಬರನ್ನೇ ಕೂರಿಸಿಕೊಂಡು, "ನಿಮಗೆ ಹೀಗೇನಾದರೂ ಇದೆಯಾ?" ಎಂದು ಕೇಳಿ. ಅವರು ತಾವಾಗಿ ಹೇಳುವುದಿಲ್ಲ. ಕೇಳಿದರೆ ಹೇಳುತ್ತಾರೆ.